ಸದರಿ ಸತ್ಯಪ್ಪ ಖೋತರು

ಚಿಕ್ಕೋಡಿಯ ನೋಂದಣಿ ಕಚೇರಿಯ ಆವರಣದಲ್ಲಿ, ಬೇವಿನ ಗಿಡದ ಕೆಳಗೆ ಸಾಲಾಗಿ ಕುಳಿತು ಖರೇದಿಪತ್ರ ಬರೆದುಕೊಡುತ್ತಿದ್ದ ಬಾಂಡ್ ರೈಟರುಗಳಲ್ಲಿ, ಬರೆದು ಮುಗಿಸಿದ ಮೇಲೆ ಮಾರುವವನ ಮುಖವನ್ನು ನೋಡುತ್ತಿದ್ದವರು ಸತ್ಯಪ್ಪ ಖೋತರೊಬ್ಬರೇ. ಉಳಿದವರ ಕಣ್ಣು ಹೆಬ್ಬೆಟ್ಟಿನ ಮೇಲಿರುತ್ತಿತ್ತು, ಇಲ್ಲವೆ ಮುಂದಿನ ಗಿರಾಕಿಯ ಮೇಲೆ. ಖೋತರು ಮಾತ್ರ ಪೆನ್ನಿಗೆ ಟೊಪ್ಪಿಗೆ ಹಾಕಿ, ಕನ್ನಡಕವನ್ನು ಹಣೆಗೇರಿಸಿ, ಹೊಲವನ್ನೋ ಮನೆಯನ್ನೋ ಕೊಟ್ಟು ಕೈತೊಳೆದುಕೊಳ್ಳಲು ಬಂದವನನ್ನು ತುಸು ಹೊತ್ತು ದಿಟ್ಟಿಸಿ, "ಇದರಾಗ ನಿಮಗಂತ ಏನರ ಇಟ್ಕೊಳ್ಳೂದೈತೇನ್ರಿ?" ಎಂದು ಕೇಳುತ್ತಿದ್ದರು.

ಕೊಳ್ಳುವವನಿಗೆ ಈ ಪ್ರಶ್ನೆಯಿಂದ ಕಸಿವಿಸಿಯಾಗುತ್ತಿತ್ತು. ಮಾರುವವನು, ಮಾರಲಿಕ್ಕೆಂದೇ ಬಂದವನು ಏನನ್ನು ಇಟ್ಟುಕೊಳ್ಳುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಬಹಳ ಜನ ನಕ್ಕು ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ಒಮ್ಮೆ ಖಡಕಲಾಟದ ಹೊಳೆವ್ವ ಎಂಬ ಮುದುಕಿ ಮಾತ್ರ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಯೋಚಿಸಿ, "ಆ ಮಾವಿನ ಗಿಡದ ಬುಡಕ ಕುಂದ್ರೂದು ನನಗಿರಲೆಪ್ಪಾ" ಎಂದಳು. ಖೋತರು ಸಹಿಯ ಮೇಲೆ ಉಳಿದಿದ್ದ ಜಾಗದಲ್ಲಿ, ಸದರಿ ಹೊಳೆವ್ವ ಇವರು ಬದುಕಿರುವ ತನಕ ಸದರಿ ಗಿಡದ ನೆರಳಿನಲ್ಲಿ ಕುಳಿತುಕೊಳ್ಳುವುದಕ್ಕೆ ಖರೇದಿದಾರರು ಯಾವ ತಕರಾರೂ ಮಾಡಕೂಡದು, ಎಂದು ಬರೆದೇಬಿಟ್ಟರು. ಕೊಂಡವನು ಬೇಡವೆನ್ನಲು ಬಾಯಿ ತೆರೆದವನು, ಮುದುಕಿಯ ಮುಖ ನೋಡಿ ಸುಮ್ಮನೆ ಸಹಿ ಮಾಡಿದ.

ಈ ಪ್ರಶ್ನೆ ಅವರ ಬಾಯಿಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಬಂದ ದಾರಿಯನ್ನು ಹತ್ತಿರದಿಂದ ಕಂಡವನು ನಾನು. ಎಂಬತ್ತರ ದಶಕದ ಮೊದಲಿಗೆ ಚಿಕ್ಕೋಡಿಯ ಕಾಲೇಜಿಗೆ ಕನ್ನಡ ಕಲಿಸಲು ಬಂದಾಗ ನನಗೆ ಮನೆ ಬಾಡಿಗೆಯ ಕರಾರುಪತ್ರ ಬರೆದುಕೊಟ್ಟವರು ಅವರೇ. ಆ ಪತ್ರದ ಭಾಷೆ ನೋಡಿ, ಇಷ್ಟು ಸೊಗಸಾಗಿ ಬರೆಯುವ ಮನುಷ್ಯ ಬೇರೆ ಏನನ್ನೋ ಬರೆಯುತ್ತಿರಬೇಕು ಎಂದು ನನಗೆ ಅನುಮಾನ ಬಂತು. ಅನುಮಾನ ನಿಜವಾಗಿತ್ತು. ಅವರು ಕಾದಂಬರಿಕಾರರಾಗಿದ್ದರು.

ಬೇಸಿಗೆಯ ಉರಿಯಲ್ಲೂ ಅವರು ಮೈಮೇಲಿನಿಂದ ತೆಗೆಯದಿದ್ದ ಕಂದು ಉಣ್ಣೆಯ ಕೋಟೊಂದಿತ್ತು. ಅದರ ಬಲಗಿಸೆಯ ಪೆನ್ನು ಕಚೇರಿಯದು, ಎಡಗಿಸೆಯ ಪೆನ್ನು ಕತೆಯದು. ಕತೆಯ ಪೆನ್ನಿನಿಂದ ಅವರು ಯಾರ ಅರ್ಜಿಯನ್ನೂ ಬರೆದವರಲ್ಲ, ಕಚೇರಿಯ ಪೆನ್ನಿನಿಂದ ಒಂದು ಸಾಲು ಸಂಭಾಷಣೆಯನ್ನೂ ಬರೆದವರಲ್ಲ. ನಡಿಗೆಯೂ ವಿಚಿತ್ರ, ಸರ್ವೆಯವರ ಸರಪಳಿಯ ಹಿಂದೆ ವರ್ಷಗಟ್ಟಲೆ ಓಡಾಡಿದ್ದರ ಫಲವೋ ಏನೋ, ಪ್ರತಿಯೊಂದು ಹೆಜ್ಜೆಯನ್ನೂ ಅಳೆದು ಇಡುತ್ತಿದ್ದರು, ತಿರುವು ಬಂದಾಗ ನಿಂತು, ಗಡಿಕಲ್ಲು ಸಿಕ್ಕಿತೇನೋ ಎಂಬಂತೆ ನೆಲ ನೋಡಿ, ಆಮೇಲೆ ತಿರುಗುತ್ತಿದ್ದರು. ಇನ್ನು ಮಾತು. ಖರೇದಿಪತ್ರದ 'ಸದರಿ' ಎಂಬ ಶಬ್ದ ಅವರ ನಾಲಗೆಗೆ ಹತ್ತಿ ಬಿಟ್ಟಿರಲಿಲ್ಲ. ಸದರಿ ಚಹಾದಲ್ಲಿ ಸಕ್ಕರೆ ಕಡಿಮೆ ಎನ್ನುವರು. ಮನೆಯಲ್ಲಿ ಹೆಂಡತಿಯೊಡನೆ ಜಗಳವಾದ ದಿನ, "ಸದರಿ ಶೇವಂತಾಬಾಯಿಯವರು ಇವತ್ತ ಸಿಟ್ಟಾಗ್ಯಾರ್ರಿ, ನಿಮ್ಮ ಮನಿಯಾಗ ಊಟಾ ಮಾಡತೀನಿ" ಎಂದು ಬಂದು ಕೂಡುವರು. ಸದರಿ ಎನ್ನದೆ ಅವರು ಹೆಸರು ಹೇಳುತ್ತಿದ್ದುದು ಒಬ್ಬರದು ಮಾತ್ರ, ಸದಲಗಾದ ಕಸ್ತೂರೆವ್ವನದು.

ಕಸ್ತೂರೆವ್ವ ಅವರ ಚಿಕ್ಕವ್ವನ ಮಗಳು, ವಯಸ್ಸಿನಲ್ಲಿ ದೊಡ್ಡವಳು. ಅವಳನ್ನು ಅಥಣಿಯ ಕಡೆಯ ಐಗಳಿ ಎಂಬ ಊರಿಗೆ ಕೊಟ್ಟಿದ್ದರು. ಗಂಡ ಎರಡನೆಯವಳನ್ನು ತಂದು ಕೂಡಿಸಿದ ದಿನ ಆಕೆ ಹೊಲದ ಬಾವಿಯ ಕಟ್ಟೆಯ ಮೇಲೆ ಹೋಗಿ ಕುಳಿತಳು. ಬೀಳಬೇಕೆಂದೇ ಕುಳಿತವಳು, ಬಹಳ ಹೊತ್ತಿನ ಮೇಲೆ ಎದ್ದು, ಮನೆಯ ಕಡೆ ತಿರುಗಿ ನೋಡದೆ ಅಥಣಿಯ ದಾರಿ ಹಿಡಿದು ನಡೆದು, ಅಲ್ಲಿಂದ ಬಸ್ಸು ಹತ್ತಿ ತವರಿಗೆ ಬಂದಳು. ಬಂದವಳು ಎಮ್ಮೆ ಕಟ್ಟಿ, ಕೊಲ್ಲಾಪುರದ ಕಡೆಗೆ ಹೋಗುವ ಹಾಲಿನ ಗಾಡಿಗೆ ಹಾಲು ಹಾಕಿ, ಯಾರ ಹಂಗೂ ಇಲ್ಲದೆ ಬದುಕಿದಳು. ಆದರೆ ಐಗಳಿಯ ಮನೆಯವರು, ಅವಳು ಬಾವಿಗೆ ಬಿದ್ದು ಸತ್ತಳೆಂದೇ ಬೀಗರಲ್ಲೆಲ್ಲ ಹೇಳಿಬಿಟ್ಟಿದ್ದರು. ಎದ್ದು ಹೋದ ಸೊಸೆಗಿಂತ ಸತ್ತ ಸೊಸೆಯೇ ಮನೆತನದ ಮರ್ಯಾದೆಗೆ ಮೇಲೆಂದು ಅವರಿಗೆ ತೋರಿರಬೇಕು. ಬದುಕಿ ಹಾಲು ಕರೆಯುತ್ತಿದ್ದ ಹೆಂಗಸು ಅಲ್ಲಿಯ ಜನರ ಬಾಯಲ್ಲಿ ಎಂದೋ ಸತ್ತುಹೋಗಿದ್ದಳು.

ಇದನ್ನು ಕಾದಂಬರಿ ಮಾಡಬೇಕೆಂದು ಖೋತರಿಗೆ ಅನಿಸಿದಾಗ ಅವರು ಮೊದಲು ಮಾಡಿದ ಕೆಲಸ ಸದಲಗಾಕ್ಕೆ ಹೋಗಿ ಅಕ್ಕನನ್ನು ಕೇಳಿದ್ದು. ಕಾನೂನಿನ ಹೆದರಿಕೆಯಿಂದ ಹೀಗೆ ಕೇಳುವವರುಂಟು, ಹೆಸರು ಬದಲಿಸಿ ಪಾರಾಗುವವರೂ ಉಂಟು. ಇವರು ಕೇಳಿದ್ದು ಬೇರೆ ಕಾರಣಕ್ಕೆ. ಅನುಮತಿಯಿಲ್ಲದೆ ಒಬ್ಬರ ಹೊಲದಲ್ಲಿ ಕಾಲಿಡುವುದು ಅವರ ವೃತ್ತಿಗೇ ಸಲ್ಲದ ಮಾತಾಗಿತ್ತು. ಕಸ್ತೂರೆವ್ವ ದೇವರ ಜಗಲಿಯ ಮೇಲಿನ ಭಂಡಾರದ ಬಟ್ಟಲನ್ನು ತಂದು ಮುಂದಿಟ್ಟು, "ಬರಿ, ಬ್ಯಾಡನ್ನೂದಿಲ್ಲ. ಆದ್ರ ನಾ ಎದ್ದು ಬಂದೀನಿ. ನಿನ್ನ ಕತಿಯೊಳಗೂ ಎದ್ದು ಬರಬೇಕು. ಮುಟ್ಟಿ ಹೇಳು" ಎಂದಳಂತೆ. ಇವರು ಆ ಅರಿಸಿನಪುಡಿಯನ್ನು ಮುಟ್ಟಿ ಮಾತು ಕೊಟ್ಟರು. ಈ ಸೀಮೆಯಲ್ಲಿ ಸ್ಟಾಂಪು ಕಾಗದವನ್ನು ಮುರಿದವರು ಬೇಕಾದಷ್ಟು ಜನ ಸಿಕ್ಕಾರು, ಭಂಡಾರ ಮುಟ್ಟಿ ತಪ್ಪಿದವರು ಸಿಗುವುದು ಕಷ್ಟ.

'ಬಾವಿಕಟ್ಟೆಯಿಂದ ಎದ್ದವಳು' ಎಂಬ ಆ ಕಾದಂಬರಿಯನ್ನು ಪ್ರಕಟಿಸಿದವರು ನಿಪ್ಪಾಣಿಯಲ್ಲಿ ಪುಸ್ತಕದಂಗಡಿ ಇಟ್ಟುಕೊಂಡಿದ್ದ ರಾಜಾರಾಮ ಶೇಟರು. ಪಠ್ಯಪುಸ್ತಕದಲ್ಲಿ ಗಳಿಸಿ ಕಾದಂಬರಿಯಲ್ಲಿ ಕಳೆಯುತ್ತಿದ್ದ ಸಜ್ಜನ. ಅವರಿಗೆ ಬೇಕಾಗಿದ್ದುದು, ಅಚ್ಚು ಹಾಕಲು ಒಪ್ಪಿದ್ದೇನೆ ಎಂಬ ಒಂದು ಚೀಟಿ ಮಾತ್ರ. ಚೀಟಿಯೆಂದರೆ ಖೋತರಿಗೆ ಅವಮಾನ. ಊರವರಿಗೆಲ್ಲ ಭದ್ರವಾದ ಪತ್ರ ಬರೆದುಕೊಟ್ಟ ಕೈ ತನ್ನ ಕಾದಂಬರಿಗೆ ಚೀಟಿ ಬರೆಯುವುದೇ? ಸ್ಟಾಂಪು ಕಾಗದ ತರಿಸಿದರು. ಬಲಗಿಸೆಯ ಪೆನ್ನು ತೆಗೆದರು. ಆಮೇಲೆ ಕೈಯೇ ಬರೆಯುತ್ತ ಹೋಯಿತು. ಸದರಿ ಕಾದಂಬರಿಯನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ಸಹಿತವಾಗಿ ತಮಗೆ ಕೊಟ್ಟಿರುತ್ತೇನೆ, ಇನ್ನು ಮುಂದೆ ಇದರಲ್ಲಿ ನನ್ನದಾಗಲಿ ನನ್ನ ವಾರಸುದಾರರದಾಗಲಿ ಯಾವ ಹಕ್ಕೂ ಉಳಿದಿರುವುದಿಲ್ಲ, ತಾವು ಬೇಕಾದರೆ ಕೆಡವಿ, ಬೇಕಾದಂತೆ ಕಟ್ಟಿಕೊಂಡು, ವಂಶಪಾರಂಪರ್ಯವಾಗಿ ಸುಖದಿಂದ ಅನುಭವಿಸತಕ್ಕದ್ದು, ಇತ್ಯಾದಿ. ಹಳೆಯ ಕಾಲದಿಂದ ಬಂದ ಈ ಮಂತ್ರವನ್ನು ಅವರಷ್ಟು ಇಂಪಾಗಿ ಬರೆಯುವವರು ತಾಲೂಕಿನಲ್ಲಿ ಇರಲಿಲ್ಲ. ಪೂರ್ವಕ್ಕೆ ಅರ್ಪಣೆಯ ಪುಟ, ಪಶ್ಚಿಮಕ್ಕೆ ತಪ್ಪು-ಒಪ್ಪುಗಳ ಪುಟ ಎಂದು ನಾಲ್ಕು ಗಡಿಗಳನ್ನೂ ಹಾಕಬೇಕಿತ್ತು ಎಂದು ನಾನು ಚೇಷ್ಟೆ ಮಾಡಿದೆ. ಅವರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು.

ಕಲ್ಲು ನೀರುಗಳಿಲ್ಲದ ಕಾದಂಬರಿಯಲ್ಲಿ ಪಾಷಾಣ ಜಲಗಳನ್ನು ಕೊಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಕಳೆದದ್ದು 'ಆಗಾಮಿ'ಯಲ್ಲಿ, ಅಂದರೆ ಮುಂದೆ ಆ ಆಸ್ತಿಯಿಂದ ಹುಟ್ಟಬಹುದಾದದ್ದೆಲ್ಲದರಲ್ಲಿ. ಅನುವಾದ, ನಾಟಕ, ಸಿನಿಮಾ ಎಲ್ಲವೂ ಆ ಒಂದು ಶಬ್ದದ ಹೊಟ್ಟೆಯಲ್ಲಿ ಸೇರಿ ಹೋಗಿದ್ದವು. ಅದು ಯಾರಿಗೂ ಹೊಳೆದಿರಲಿಲ್ಲ, ಹೊಳೆಯುವ ಅಗತ್ಯವೂ ಐದಾರು ವರ್ಷ ಬೀಳಲಿಲ್ಲ.

ಆಮೇಲೊಂದು ದಿನ ರಾಜಾರಾಮ ಶೇಟರು ಪೇಢೆಯ ಪೊಟ್ಟಣ ಹಿಡಿದು ಚಿಕ್ಕೋಡಿಗೆ ಬಂದರು. ಕೊಲ್ಲಾಪುರದ ನಿರ್ಮಾಪಕರೊಬ್ಬರು ಕಾದಂಬರಿಯನ್ನು ಯಾರಿಂದಲೋ ಓದಿಸಿ ಕೇಳಿ, ಮರಾಠಿ ಚಿತ್ರ ಮಾಡಲು ಶೇಟರಿಂದ ಹಕ್ಕು ಪಡೆದಿದ್ದರು. ಖೋತರು ಪೇಢೆಯನ್ನು ಕಚೇರಿಯವರಿಗೆಲ್ಲ ಹಂಚಿದರು. ಮರುದಿನ ನನ್ನನ್ನೂ ಕರೆದುಕೊಂಡು ನಿಪ್ಪಾಣಿಗೆ ಹೊರಟರು. ಬಸ್ಸಿನಲ್ಲಿ ಕೋಟಿನ ಗುಂಡಿಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ ಆ ಮನುಷ್ಯನ ಸಂತೋಷ ಕಂಡು ನನಗೂ ಹಿಗ್ಗಾಗಿತ್ತು.

ಶೇಟರ ಅಂಗಡಿಯಲ್ಲಿ ಕುಳಿತಿದ್ದ ನಿರ್ಮಾಪಕರು ಮರ್ಯಾದಸ್ಥರೇ. ಎದ್ದು ಕೈಮುಗಿದರು. ಕನ್ನಡ ಮರಾಠಿ ಎರಡನ್ನೂ ಬೆರೆಸಿ ಚಿತ್ರದ ಕತೆ ಹೇಳುತ್ತ ಹೋದರು. ಖೋತರು ತಲೆದೂಗುತ್ತ ಕೇಳಿದರು. ಕೊನೆಗೆ ನಿರ್ಮಾಪಕರು, ನಾಯಿಕೆ ಬಾವಿಗೆ ಹಾರುತ್ತಾಳೆ, ನೀರಿನ ಮೇಲೆ ಅವಳ ಹಸಿರು ಬಳೆ ತೇಲುತ್ತದೆ ಎಂದರು. ಬಳೆ ತೇಲುವುದು ಹೇಗೆಂದು ಕೇಳಬೇಕೆನಿಸಿತು ನನಗೆ. ಖೋತರು ತಲೆದೂಗುವುದನ್ನು ನಿಲ್ಲಿಸಿದ್ದರು.

"ಅಕಿ ಬೀಳೂದಿಲ್ಲರಿ. ಎದ್ದು ಬರತಾಳ" ಎಂದರು.

"ಖೋತ ಸಾಹೇಬ, ಎದ್ದು ಬಂದರ ಪಿಕ್ಚರ ಓಡೂದಿಲ್ಲ. ಬಾಯಕಾ ರಡಲ್ಯಾ ಪಾಹಿಜೇತ. ಹೆಂಗಸರು ಅಳಬೇಕ್ರಿ."

"ಅಕಿ ಬದುಕ್ಯಾಳರಿ. ಸದಲಗಾದಾಗ ಅದಾಳ."

"ಅಲ್ಲಿ ಬದುಕಲಿ. ನೂರು ವರ್ಷ ಬದುಕಲಿ. ಪಿಕ್ಚರದಾಗ ಸಾಯಲಿ, ಏನಾತು?"

ಏನಾಗುತ್ತಿತ್ತೆಂಬುದನ್ನು ಖೋತರು ಆ ಮನುಷ್ಯನಿಗೆ ಹೇಗೆ ವಿವರಿಸಿಯಾರು? ಪುಸ್ತಕ ಬಂದಾಗಲೇ ಅದು ಯಾರ ಕತೆಯೆಂದು ಅಥಣಿಯ ಕಡೆಯವರೆಲ್ಲ ಗುರುತು ಹಿಡಿದಿದ್ದರು. ಐಗಳಿಯವರು ಹಬ್ಬಿಸಿದ ಸುಳ್ಳಿಗೆ ಕಸ್ತೂರೆವ್ವ ಕೊಟ್ಟ ಉತ್ತರ ಆ ಪುಸ್ತಕವೊಂದೇ. ಪುಸ್ತಕ ಓದಿದವರು ಕೆಲವರಾದರೆ ಸಿನಿಮಾ ನೋಡುವವರು ಊರಿಗೆ ಊರೇ. ಬರೆದವನ ಹೆಸರು ಹಾಕಿಕೊಂಡೇ ಅವಳನ್ನು ಬಾವಿಗೆ ಕೆಡವಿದರೆ, ಕಡೆಗೂ ತಮ್ಮನೇ ಖರೆ ಒಪ್ಪಿಕೊಂಡ ಎಂದು ಆ ಮನೆಯವರು ಮೀಸೆ ತಿರುವುತ್ತಿದ್ದರು. ಖೋತರು ಶೇಟರ ಕಡೆ ನೋಡಿದರು. ಶೇಟರು ನಿಜವಾಗಿಯೂ ನೊಂದುಕೊಂಡು, ಕಪಾಟಿನಿಂದ ಆ ಪತ್ರವನ್ನು ತೆಗೆದು ಮೇಜಿನ ಮೇಲಿಟ್ಟು, "ನಾ ಚೀಟಿ ಸಾಕಂದಿದ್ದೆ, ಖೋತರ. ಇದು ನಿಮ್ಮ ಕೈಯಾಗಿಂದು" ಎಂದರು. ತಾವೇ ಬರೆದ ಅಕ್ಷರಗಳನ್ನು ಬೆರಳಿಟ್ಟು ಓದಿದ ಖೋತರು, ಕೆಡವಿ, ಬೇಕಾದಂತೆ ಕಟ್ಟಿಕೊಂಡು, ಎಂಬಲ್ಲಿಗೆ ಬಂದು ಬೆರಳನ್ನು ಎತ್ತಲಿಲ್ಲ.

ಚಿಕ್ಕೋಡಿಯಲ್ಲಿ ಅಕ್ಬರಸಾಬ ಜಮಾದಾರರೆಂಬ ವಕೀಲರಿದ್ದರು, ಖೋತರ ಬಾಲ್ಯದ ಸ್ನೇಹಿತರು. ಅವರು ಪತ್ರವನ್ನು ಎರಡು ಸಲ ಓದಿ, "ಇದನ್ನ ವಿರೋಧ ಪಾರ್ಟಿ ವಕೀಲ ಬರದಿದ್ರೂ ಇಷ್ಟ ಛಲೋ ಬರೀತಿದ್ದಿಲ್ಲ ಬಿಡೋ" ಎಂದರು. ಆಮೇಲೆ ಪುಸ್ತಕಗಳನ್ನು ತಿರುವಿ, ಹಕ್ಕುಸ್ವಾಮ್ಯದ ಕಾಯಿದೆಯಲ್ಲಿ ಒಂದು ಕಲಮು ತೋರಿಸಿದರು. ಕೃತಿಯ ಹಕ್ಕನ್ನು ಮಾರಿದ ಮೇಲೂ, ಅದನ್ನು ಬರೆದವನು ತಾನೆಂದು ಹೇಳಿಕೊಳ್ಳುವ ಅಧಿಕಾರ ಮತ್ತು ಅದನ್ನು ವಿರೂಪಗೊಳಿಸದಂತೆ ತಡೆಯುವ ಅಧಿಕಾರ ಬರೆದವನಲ್ಲೇ ಉಳಿಯುತ್ತವೆ. ಮಾರಿದ ಹೊಲದ ಮೇಲೆ ಮಾರಿದವನಿಗೆ ಇಂಥ ಅಧಿಕಾರ ಯಾವ ಕಾನೂನಿನಲ್ಲೂ ಇಲ್ಲ. ಖೋತರ ಮುಖ ಅರಳಿತು.

"ಲಗೂ ನಗಬ್ಯಾಡ" ಎಂದರು ವಕೀಲರು. "ಕೆಡವಿ ಕಟ್ಟಿಕೋರಿ ಅಂತ ನೀನಽ ಒಪ್ಪಿಗಿ ಕೊಟ್ಟಿ ಅಂತಾರ ಅವರು. ಅದಕ್ಕ ಒಂದಽ ಉತ್ತರ ಐತಿ. ಕಟಕಟ್ಯಾಗ ನಿಂತು, ಆ ಮಾತಿನ ಅರ್ಥಾ ಮನಸಿನಾಗ ಇಟ್ಕೊಂಡು ನಾ ಬರದಿಲ್ಲ, ರೂಢಿಗಿ ಬರದೆ ಅನಬೇಕು. ಅಂತೀಯೇನು?"

ಖೋತರ ಪಾಲಿಗೆ ಅದು ಸಣ್ಣ ಮಾತಲ್ಲ. ಅರ್ಥ ತಿಳಿಯದೆ ಒಂದಕ್ಷರವನ್ನೂ ಬರೆಯುವವನಲ್ಲ ಎಂಬ ನಂಬಿಕೆಯ ಮೇಲೆ ಅವರ ಬದುಕು ನಿಂತಿತ್ತು. ರಾಯಬಾಗದಿಂದಲೂ ಜನ ಇವರ ಕೈಬರಹವೇ ಬೇಕೆಂದು ಬರುತ್ತಿದ್ದರು. ಬಾಂಡ್ ರೈಟರನೊಬ್ಬ ನ್ಯಾಯಾಧೀಶರೆದುರು ನಿಂತು, ನಾನು ತಿಳಿಯದೆ ಬರೆದೆ ಎಂದಮೇಲೆ ಬೇವಿನ ಗಿಡದ ಕೆಳಗೆ ಯಾವ ಮುಖ ಹೊತ್ತು ಕೂಡಬೇಕು? ಮನೆಯಲ್ಲಿ ಶೇವಂತಾಬಾಯಿಯೂ ಅದನ್ನೇ ಹೇಳಿದರು. "ಸಿನೇಮಾದಾಗ ಒಬ್ಬಾಕಿ ಬಾವಿಗಿ ಬಿದ್ರ ನಮ್ಮ ಮನ್ಯಾಗ ಒಲಿ ಯಾಕ ಆರಬೇಕ್ರಿ?" ಆ ತಾಯಿಯ ಮಾತಿನಲ್ಲಿ ತಪ್ಪೇನಿರಲಿಲ್ಲ.

ಅವರು ಸದಲಗಾಕ್ಕೆ ಹೋದರು. ನಾನೂ ಜೊತೆಗಿದ್ದೆ. ಕಸ್ತೂರೆವ್ವ ಎಮ್ಮೆಯ ಮೈ ತೊಳೆಯುತ್ತಿದ್ದಳು. ಎತ್ತರದ ಹೆಂಗಸು, ಮಾತಾಡುವಾಗ ಕೈಯ ಕೆಲಸವನ್ನು ನಿಲ್ಲಿಸುತ್ತಿರಲಿಲ್ಲ. ತಮ್ಮ ಎಲ್ಲವನ್ನೂ ಹೇಳಿ ಮುಗಿಸಿದಾಗ ಆಕೆ ಸಿಟ್ಟಾದಾಳು, ಆಣೆಯ ನೆನಪು ಮಾಡಿಕೊಟ್ಟಾಳು ಎಂದು ನಾನು ಕಾದೆ. ಆಕೆ ಎಮ್ಮೆಯ ಬೆನ್ನ ಮೇಲೆ ಇನ್ನೊಂದು ತಂಬಿಗೆ ನೀರು ಸುರಿದು, "ನಿನಗ ತ್ರಾಸ ಆಗೂದಿದ್ರ ಬಿಡು ತಮ್ಮಾ. ಒಮ್ಮೆ ಸಾಯಿಸ್ಯಾರ, ಮತ್ತೊಮ್ಮೆ ಸಾಯಿಸ್ತಾರ. ಎಮ್ಮಿ ಹಿಂಡೂದೇನ್ ತಪ್ಪೂದಿಲ್ಲ" ಎಂದಳು. ಆಣೆ ಹಾಕಿದ್ದರೆ ಖೋತರು ಇನ್ನೂ ನಾಲ್ಕು ದಿನ ಯೋಚಿಸುತ್ತಿದ್ದರೋ ಏನೋ. ಬಿಡು ಎಂದದ್ದು ಅವರಿಗೆ ತಡೆಯಲಾಗಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಮುಖವನ್ನು ಕಿಟಕಿಯ ಕಡೆಗೆ ಹಿಡಿದು ಅತ್ತರು. ಚಿಕ್ಕೋಡಿಯಲ್ಲಿ ಇಳಿದು ನೇರ ಅಕ್ಬರಸಾಬರ ಮನೆಗೆ ಹೋದರು.

ದಾವೆ ಬೆಳಗಾವಿಯ ಜಿಲ್ಲಾ ನ್ಯಾಯಾಲಯದಲ್ಲಿ ಹೂಡಬೇಕಾಯಿತು. ಖೋತರ ಸಾಕ್ಷ್ಯದ ದಿನ ಚಿಕ್ಕೋಡಿಯ ಇತರ ಬಾಂಡ್ ರೈಟರುಗಳೂ ತಮಾಷೆ ನೋಡಲು ಬಂದಿದ್ದರು. ಉಣ್ಣೆಯ ಕೋಟು ತೊಟ್ಟೇ ಅವರು ಕಟಕಟೆ ಹತ್ತಿದರು. ವಿರೋಧಿ ವಕೀಲರು ಪತ್ರವನ್ನು ಎತ್ತಿ ಹಿಡಿದು, ಈ ಅಕ್ಷರ ತಮ್ಮದೇ, ಈ ಒಕ್ಕಣೆ ತಮ್ಮದೇ, ಇದನ್ನು ಅರ್ಥ ತಿಳಿದೇ ಬರೆದಿರಲ್ಲವೇ, ಎಂದು ಕೇಳಿದರು. ಖೋತರ ಕೈ ತಾನಾಗಿ ಬಲಗಿಸೆಗೆ ಹೋಯಿತು, ಅಲ್ಲಿಯೇ ನಿಂತಿತು.

"ಇಲ್ಲರಿ ಸಾಹೇಬರ. ಕೈ ಬರೀತು. ನಾ ವಿಚಾರ ಮಾಡಲಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲರು ಬಿಡಲಿಲ್ಲ. ಹಾಗಾದರೆ ಇಷ್ಟು ವರ್ಷ ಜನರ ಹೊಲಮನೆಗಳ ಪತ್ರಗಳನ್ನೆಲ್ಲ ವಿಚಾರ ಮಾಡದೆಯೇ ಬರೆದಿರೋ, ಎಂದರು.

"ಹೊಲಕ್ಕ ಆ ಮಾತು ಸರಿ ಐತ್ರಿ. ಹೊಲಾ ಮಾರಿದವನ ಹೊಲದಾಗ ಬ್ಯಾರೆಯವರ ಜೀವ ಇರೂದಿಲ್ಲ. ಇದರಾಗ ನಮ್ಮ ಅಕ್ಕ ಅದಾಳ. ಅಕೀನ್ನ ಕೊಡೂ ಅಧಿಕಾರ ನನಗಿದ್ದಿಲ್ಲ. ಇಲ್ಲದ್ದನ್ನ ಬರದ ಕೊಟ್ಟೆ. ತಪ್ಪು ನಂದು."

ಇಡೀ ಸಾಕ್ಷ್ಯದಲ್ಲಿ ಅವರು ಸದರಿ ಎಂಬ ಶಬ್ದವನ್ನು ಒಮ್ಮೆಯೂ ಉಪಯೋಗಿಸಲಿಲ್ಲ. ಅದನ್ನು ಗಮನಿಸಿದವನು ನಾನೊಬ್ಬನೇ ಎಂದುಕೊಂಡಿದ್ದೆ. ಹೊರಗೆ ಬಂದಾಗ ಅಕ್ಬರಸಾಬರು ನನ್ನ ಕಿವಿಯಲ್ಲಿ ಅದನ್ನೇ ಹೇಳಿದರು.

ನ್ಯಾಯಾಲಯ ಚಿತ್ರಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು. ಕಾನೂನಿನ ದೊಡ್ಡ ಪ್ರಶ್ನೆ ತೀರ್ಮಾನವಾಗಲೇ ಇಲ್ಲ, ಏಕೆಂದರೆ ಅರ್ಧ ತೆಗೆದ ಚಿತ್ರವನ್ನು ಡಬ್ಬಿಯಲ್ಲಿಟ್ಟುಕೊಂಡು ಕೂಡಲಾರದೆ ನಿರ್ಮಾಪಕರೇ ರಾಜಿಗೆ ಬಂದರು. ನಾಯಿಕೆ ಬಾವಿಕಟ್ಟೆಯಿಂದ ಏಳುತ್ತಾಳೆಂದು ಒಪ್ಪಿದರು. ರಾಜಿಪತ್ರವನ್ನು ಬರೆಯಿರೆಂದು ಖೋತರ ಮುಂದೆ ಕಾಗದ ಇಟ್ಟರೆ, ಅವರು ಕೈ ಹಿಂದಕ್ಕೆಳೆದುಕೊಂಡು ಅಕ್ಬರಸಾಬರಿಗೆ ಬರೆಯಲು ಹೇಳಿದರು. ಬೇವಿನ ಗಿಡದ ಕೆಳಗೆ ಅವರ ಗಿರಾಕಿಗಳು ಕಡಿಮೆಯಾದದ್ದು ನಿಜ. ಪಕ್ಕದವರು ಹೊಸಬರಿಗೆ, ಅತ್ತ ಹೋಗಬೇಡಿ, ಆತ ಬರೆದದ್ದು ಆತನಿಗೇ ತಿಳಿಯುವುದಿಲ್ಲ ಎನ್ನುತ್ತಿದ್ದರು. ಖೋತರು ಸಿಕ್ಕ ಒಬ್ಬಿಬ್ಬರಿಗೆ ಪತ್ರ ಬರೆದುಕೊಟ್ಟು, ಕನ್ನಡಕ ಹಣೆಗೇರಿಸಿ, ಆ ಪ್ರಶ್ನೆ ಕೇಳಲು ಶುರು ಮಾಡಿದ್ದು ಆ ವರ್ಷದಲ್ಲಿಯೇ. ಹೊಳೆವ್ವನ ಮಾವಿನ ಗಿಡದ ಸುದ್ದಿ ಹಳ್ಳಿಗಳಲ್ಲಿ ಹರಡಿದ ಮೇಲೆ ಜನ ಮೆಲ್ಲಗೆ ತಿರುಗಿ ಬಂದರು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಚಿತ್ರ ನಿಪ್ಪಾಣಿಗೆ ಬಂತು. ನಿರ್ಮಾಪಕರ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಹೆಂಗಸರು ಅಳಲಿಲ್ಲ, ಚಿತ್ರ ಓಡಲಿಲ್ಲ. ಅದನ್ನು ಕಿತ್ತುಹಾಕುವ ಮೊದಲು ಖೋತರು ಅಕ್ಕನನ್ನು ಕರೆದುಕೊಂಡು ಹಗಲಿನ ಆಟಕ್ಕೆ ಹೋದರು. ಶೇವಂತಾಬಾಯಿಯೂ ನಾನೂ ಇದ್ದೆವು. ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿ. ಪರದೆಯ ಮೇಲೆ ನಾಯಿಕೆ ಬಾವಿಕಟ್ಟೆಗೆ ಬಂದು ಕುಳಿತಾಗ ಕಸ್ತೂರೆವ್ವ ಸೆರಗನ್ನು ಬಾಯಿಗೆ ಹಿಡಿದಳು. ನಾಯಿಕೆ ನೀರನ್ನು ನೋಡಿದಳು, ಆಕಾಶವನ್ನು ನೋಡಿದಳು, ಎದ್ದಳು, ನಡೆದಳು. ಮುಗಿಯಿತು. ಖೋತರು ಅಕ್ಕನ ಕಡೆ ತಿರುಗಿದರು.

ಕಸ್ತೂರೆವ್ವ ಪರದೆಯಿಂದ ಕಣ್ಣು ತೆಗೆಯದೆ, "ಇಷ್ಟ ಲಗೂ ಎದ್ದಿರಲಿಲ್ಲೋ ತಮ್ಮಾ ನಾ" ಎಂದಳು.

ಖೋತರು ತಮ್ಮ ಕಂದು ಕೋಟನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರು ಅದನ್ನು ಮೈಮೇಲಿನಿಂದ ತೆಗೆದದ್ದನ್ನು ನಾನು ಕಂಡದ್ದು ಅದೊಂದೇ ಸಲ. ದೀಪ ಹತ್ತಿದ ಮೇಲೂ ನಾಲ್ವರೂ ಎಷ್ಟೋ ಹೊತ್ತು ಅಲ್ಲಿಯೇ ಕುಳಿತಿದ್ದೆವು.

ಕತೆ ಬರೆಯುವವರನ್ನು ನಾನು ಆಮೇಲೆ ಬಹಳ ಜನರನ್ನು ಕಂಡಿದ್ದೇನೆ. ಹಕ್ಕು ಕಳೆದುಕೊಂಡು ಕಣ್ಣೀರಿಟ್ಟವರು, ಕರಾರಿನ ಪ್ರತಿಯೊಂದು ಅಕ್ಷರವನ್ನೂ ತಿಕ್ಕಿ ನೋಡಿ ಸಹಿ ಮಾಡುವ ಜಾಣರು, ಎರಡೂ ಬಗೆಯವರು ಇದ್ದಾರೆ, ಇಬ್ಬರ ಮೇಲೂ ನನಗೆ ಗೌರವವಿದೆ. ಖೋತರು ಈ ಎರಡಕ್ಕೂ ಸೇರದ ಒಂದು ಸಣ್ಣ ಪಂಗಡದವರು. ತಾವು ಬರೆದದ್ದರಲ್ಲಿ ತಮ್ಮದಲ್ಲದ ಪಾಲು ಎಷ್ಟಿದೆ, ಅದು ಯಾರದು ಎಂಬುದನ್ನು ಇಂಥವರು ಮರೆಯುವುದಿಲ್ಲ. ಕೈ ಮರೆತರೆ, ಹತ್ತು ಜನರೆದುರು ನಿಂತು ಮರೆತೆನೆಂದು ಹೇಳುವ ನಾಚಿಕೆಯನ್ನು ಹೊತ್ತುಕೊಳ್ಳುತ್ತಾರೆ. ಅಷ್ಟೆಲ್ಲ ಮಾಡಿಯೂ ಬಾವಿಕಟ್ಟೆಯ ಮೇಲೆ ಕುಳಿತವಳು ಎಷ್ಟು ಹೊತ್ತು ಕುಳಿತಿದ್ದಳೆಂಬುದು ತಮಗೆ ಪೂರ್ತಿ ತಿಳಿಯಲಿಲ್ಲವಲ್ಲ ಎಂದು, ಖಾಲಿಯಾದ ಟಾಕೀಜಿನಲ್ಲಿ ಕೋಟು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸುವವರೂ ಇವರೇ.